ಹಚ್ಚಿ ತೊಳೆಯುವ ಕ್ರೀಮು

ಬೆಳಿಗ್ಗೆ ಏಳೂವರೆ. ಅಮ್ಮ ಅಂಗಿಯ ತೋಳು ಮಡಿಸದೆ ಪಾತ್ರೆ ತೊಳೆಯುತ್ತಿದ್ದಳು.

ಅಡುಗೆಮನೆಯ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದ ಮಗಳು ಅದನ್ನು ನೋಡಿದಳು. ನೋಡಿದ್ದರಲ್ಲಿ ಏನೋ ಹೆಚ್ಚುಕಡಿಮೆ ಇದೆ ಎಂದು ಹೊಳೆಯುವಷ್ಟರಲ್ಲಿ ಲೋಟ ಅರ್ಧ ಖಾಲಿಯಾಗಿತ್ತು. ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ಆಯುಷ್ಯದ ಬಹುಪಾಲು ಕಳೆದ ಹೆಂಗಸು ಅಮ್ಮ. ನೀರು ಮುಟ್ಟುವ ಮೊದಲು ತೋಳನ್ನು ಮೊಣಕೈ ದಾಟಿಸಿ ಮಡಿಸುವುದು ಅವಳಿಗೆ ಉಸಿರಾಟದ ಹಾಗೆ. ಪಾಸ್‌ಪೋರ್ಟ್ ಫೋಟೊ ತೆಗೆಸಲು ಹೋದಲ್ಲಿ ಕೈತೊಳೆಯುವ ನಲ್ಲಿ ಕಂಡರೂ ತೋಳು ತಾನಾಗಿ ಮೇಲೆ ಹೋಗುತ್ತಿತ್ತು. ಈಗ ತುಂಬುತೋಳಿನ ನೀಲಿ ಅಂಗಿಯ ಅಂಚು ಮಣಿಕಟ್ಟಿನಲ್ಲಿ ತೊಯ್ದು ಕಪ್ಪಾಗಿತ್ತು.

“ಅಮ್ಮಾ, ತೋಳು ಮಡಿಸ್ಕೊ.”

“ಚಳಿ ಕಣೆ.”

“ಬಿಸಿನೀರಲ್ಲಿ ತೊಳೀತಾ ಇದ್ದೀಯ.”

“ಚಳಿ ಅಂತಲೇ ಬಿಸಿನೀರು ಹಾಕ್ಕೊಂಡಿರೋದು.”

ಅಮ್ಮನ ಜೊತೆ ವಾದಕ್ಕಿಳಿದು ಗೆದ್ದವರು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮಗಳು ಲೋಟ ಕೆಳಗಿಟ್ಟು ಹತ್ತಿರ ಹೋಗಿ ಒದ್ದೆ ತೋಳನ್ನು ತಾನೇ ಮೇಲಕ್ಕೆ ಸರಿಸಿದಳು. ಮೊಣಕೈಯ ಒಳಮಡಿಕೆಯಿಂದ ಮಣಿಕಟ್ಟಿನವರೆಗೆ ಚರ್ಮ ಕೆಂಪಗೆ, ಬಿಗಿದುಕೊಂಡು, ಎಣ್ಣೆಕಾಗದ ಅಂಟಿಸಿದ ಹಾಗೆ ಹೊಳೆಯುತ್ತಿತ್ತು. ಬೆರಳ ಗೆಣ್ಣುಗಳ ಮೇಲೆ ಕೂದಲೆಳೆಯಂಥ ಬಿರುಕುಗಳು.

“ಇದು ಯಾವಾಗಿಂದ?”

“ಮೊದಲಿಗಿಂತ ಎಷ್ಟೋ ವಾಸಿ.”

“ನಾನು ಕೇಳಿದ್ದು ಅದಲ್ಲ.”

“ನಿನ್ನ ಕ್ರೀಮು ಹಚ್ತಾ ಇದ್ದೀನಲ್ಲ. ಹಚ್ಚಿದ ತಕ್ಷಣ ಎಷ್ಟು ಹಾಯಾಗಿರುತ್ತೆ ಗೊತ್ತಾ? ಕೆಂಪಗಾಗಿದ್ರೆ ಒಳಗಡೆ ಕೆಲಸ ಮಾಡ್ತಿದೆ ಅಂತ ಅರ್ಥ.”

“ಹಚ್ಚಿ ತೊಳೀತೀಯ ತಾನೆ?”

ಅಮ್ಮ ಕೈ ಬಿಡಿಸಿಕೊಂಡು ಬಾಣಲೆಯ ತಳ ಉಜ್ಜತೊಡಗಿದಳು. “ತೊಳೀದೆ ಏನು. ಬಸ್ಸು ತಪ್ಪುತ್ತೆ, ಹೊರಡು.”

ಬಸ್ಸಿಗೆ ಇನ್ನೂ ಬೇಕಾದಷ್ಟು ಸಮಯವಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಮಗಳು ಹೊರಟಳು.

ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅದೊಂದು ಶುಭಸೂಚನೆ ಎಂದುಕೊಳ್ಳಲು ನೋಡಿದಳು, ಆಗಲಿಲ್ಲ. ಹನ್ನೊಂದು ಗಂಟೆಗೆ ಕಾರ್ಖಾನೆಯ ಯಜಮಾನಿಯ ಕೋಣೆಯಲ್ಲಿ ತನ್ನ ಕ್ರೀಮಿನ ಲೇಬಲ್ಲಿನ ಕೊನೆಯ ಕರಡಿಗೆ ಅವಳು ಸಹಿ ಹಾಕಬೇಕು. ಸಹಿ ಬಿದ್ದರೆ ಟ್ಯೂಬುಗಳು ಮಧ್ಯಾಹ್ನವೇ ಅಚ್ಚಿಗೆ ಹೋಗುತ್ತವೆ, ಆಮೇಲೆ ಔಷಧದಂಗಡಿಗಳಿಗೆ, ಆಮೇಲೆ ಕಂಡವರ ಬಚ್ಚಲುಮನೆಗಳಿಗೆ. ಆ ಕಾರ್ಖಾನೆಯಲ್ಲಿ ಅವಳು ಕಲಸಿದ್ದೆಲ್ಲ ಇಲ್ಲಿಯವರೆಗೆ ಬೇರೆಯವರ ಹೆಸರಿನದು: ಬೇರೆ ಕಂಪನಿಗಳು ಸೂತ್ರ ಕಳಿಸುತ್ತಿದ್ದವು, ಇವಳು ಅಳೆದು, ಕಾಯಿಸಿ, ಕಡೆದು ಕೊಡುತ್ತಿದ್ದಳು. ಇದೊಂದು ಮಾತ್ರ ಮೊದಲಿನಿಂದ ಕೊನೆಯವರೆಗೆ ಅವಳದು. ಸೋಪು ಸಹಿಸದ ಚರ್ಮಕ್ಕೆ ಸೋಪಿನ ಬದಲು. ಹಚ್ಚಿ, ನಯವಾಗಿ ಉಜ್ಜಿ, ತೊಳೆದುಬಿಡುವುದು. ಯಾರಿಗೆಂದು ಮಾಡಿದೆ ಎಂದು ಯಜಮಾನಿ ಕೇಳಿದಾಗ ‘ಮಾರುಕಟ್ಟೆಯಲ್ಲಿ ಬೇಡಿಕೆ ಇದೆ’ ಎಂದಿದ್ದಳು. ಅಮ್ಮನ ಎರಡು ಕೈಗಳಿಗೆ ಎನ್ನಲು ಆಗಿರಲಿಲ್ಲ. ಕೆಲಸದಿಂದ ಬಂದ ಅಮ್ಮ ಗೋಡೆಯ ಒರಟು ಮೂಲೆಗೆ ಮೊಣಕೈ ತಿಕ್ಕಿಕೊಳ್ಳುತ್ತಿದ್ದದ್ದು, ಶಾಲೆಯ ವಾರ್ಷಿಕೋತ್ಸವದ ದಿನ ಇವಳು ಬಹುಮಾನ ತೆಗೆದುಕೊಂಡು ಇಳಿದಾಗ ಅಮ್ಮ ಚಪ್ಪಾಳೆ ತಟ್ಟದೆ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತದ್ದು ನೆನಪಾಯಿತು. ಅಂದು ಇವಳಿಗೆ ಅವಮಾನವಾಗಿತ್ತು. ಎಲ್ಲರ ಅಮ್ಮಂದಿರೂ ಚಪ್ಪಾಳೆ ತಟ್ಟಿದ್ದರು. ಬಿರಿದ ಅಂಗೈಗೆ ಚಪ್ಪಾಳೆ ನೋವು ಕೊಡುತ್ತದೆ ಎಂಬುದು ಅರ್ಥವಾಗಲು ಸ್ವತಃ ಕಾರ್ಖಾನೆ ಸೇರಿ ಕೈ ಸುಟ್ಟುಕೊಳ್ಳಬೇಕಾಯಿತು.

ಎಣ್ಣೆ ಮತ್ತು ನೀರು ಒಟ್ಟಿಗೆ ನಿಲ್ಲುವುದಿಲ್ಲ, ಇದು ಎಲ್ಲರಿಗೂ ಗೊತ್ತು. ನಡುವೆ ಒಂದು ಪದಾರ್ಥ ಬೇಕು. ಅದರ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು. ಪುಸ್ತಕದಲ್ಲಿ ಅದಕ್ಕೆ ಎಮಲ್ಸಿಫೈಯರ್ ಎನ್ನುತ್ತಾರೆ. ದೊಡ್ಡ ಕಡಾಯಿ ನೋಡಿಕೊಳ್ಳುವ, ಎಲ್ಲರೂ ಕಡಾಯಿಯಣ್ಣ ಎಂದು ಕರೆಯುವ ಮನುಷ್ಯ ಅದಕ್ಕೆ ಮಧ್ಯಸ್ಥ ಎನ್ನುತ್ತಿದ್ದ. “ಮೇಡಂ, ಮಧ್ಯಸ್ಥರು ಬಂದ್ರಾ? ಇಲ್ಲಿ ಎರಡು ಕಡೆಯವರೂ ಬಿಸಿಯಾಗಿದ್ದಾರೆ.” ಒಂದು ಪಾತ್ರೆಯಲ್ಲಿ ನೀರು, ಒಂದರಲ್ಲಿ ಎಣ್ಣೆ, ಎರಡನ್ನೂ ಒಂದೇ ಬಿಸಿಗೆ ತಂದು ಸೇರಿಸಿ ಕಡೆಯಬೇಕು. ಮನೆಯಲ್ಲಿ ಕಡೆಯುವುದು ಬೆಣ್ಣೆ ಬೇರೆಯಾಗಲಿ ಎಂದು, ಇಲ್ಲಿ ಕಡೆಯುವುದು ಏನೂ ಬೇರೆಯಾಗದಿರಲಿ ಎಂದು. ಮಧ್ಯಸ್ಥರಲ್ಲಿ ಸಾಧುಗಳಿದ್ದಾರೆ: ಮೊಟ್ಟೆಯ ಹಳದಿಯಲ್ಲಿರುವಂಥದು, ಮುಖಕ್ಕೆ ಹಚ್ಚಿ ರಾತ್ರಿಯಿಡೀ ಬಿಟ್ಟರೂ ಹೆಚ್ಚಿನವರಿಗೆ ಏನೂ ಮಾಡದಂಥದು. ಅವಳು ಮೊದಲು ಅವನ್ನೇ ಹಾಕಿ ನೋಡಿದ್ದಳು. ಕ್ರೀಮು ಕೊಳೆ ತೆಗೆಯಲಿಲ್ಲ. ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಒಡೆದ ಹಾಲಿನ ಹಾಗಾಗಿ ವಾಪಸು ಬಂತು. ಕೊನೆಗೆ ಕೈಹಿಡಿದದ್ದು ಸೋಪಿನ ದಾಯಾದಿಯಂಥ ಒಂದು ಗಟ್ಟಿ ಆಸಾಮಿ, ಲಾರಿಲ್ ಸಲ್ಫೇಟು, ಅದೂ ಮೇಣದ ಜೊತೆ, ಅಳತೆಯಲ್ಲಿ. ಎರಡು ಕಡೆಯವರನ್ನೂ ಬಿಡದೆ ಹಿಡಿಯಿತು, ಕೊಳೆಯನ್ನೂ ಹಿಡಿಯಿತು, ನೀರು ಹಾಕಿದರೆ ಎಲ್ಲವನ್ನೂ ಕಟ್ಟಿಕೊಂಡು ಹೊರಟುಹೋಗುತ್ತಿತ್ತು. ಒಳ್ಳೆಯ ಮಧ್ಯಸ್ಥ. ಆದರೆ ರಾಜಿ ಮುಗಿದ ಮೇಲೂ ಮನೆಯಲ್ಲೇ ಉಳಿಸಿಕೊಂಡರೆ ಅವನು ಸುಮ್ಮನೆ ಕೂರುವವನಲ್ಲ. ಚರ್ಮಕ್ಕೆ ತನ್ನದೇ ಎಣ್ಣೆಯಿದೆ, ತನ್ನದೇ ನೀರಿದೆ. ಅವನು ಅದಕ್ಕೆ ಕೈಹಾಕುತ್ತಾನೆ, ದಿನಾ ಹಾಗೆಯೇ ಬಿಟ್ಟರೆ ಮೇಲ್ಪದರ ತೆಳುವಾಗುತ್ತಾ ಹೋಗುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲೇಬಲ್ಲಿನ ಹಿಂಭಾಗದಲ್ಲಿ, ಪದಾರ್ಥಗಳ ಪಟ್ಟಿಯ ಕೆಳಗೆ, ‘ಬಳಸಿದ ನಂತರ ತೊಳೆಯಿರಿ’ ಎಂದು ಅವಳೇ ಬರೆದುಕೊಟ್ಟಿದ್ದಳು.

ಮುಂಭಾಗದಲ್ಲಿ ಹಾಕಬೇಕೆಂದೇ ಮೊದಲು ಹೇಳಿದ್ದಳು. ಕಾರ್ಖಾನೆಯ ಮಾರಾಟ ನೋಡಿಕೊಳ್ಳುವ ಮಾರಾಟದವನು ನಕ್ಕಿದ್ದ. ಅವನ ಬೂಟು ಯಾವಾಗಲೂ ಅವನಿಗಿಂತ ಒಂದು ಹೆಜ್ಜೆ ಮುಂದೆ ಕೋಣೆಗೆ ಬರುತ್ತಿತ್ತು. “ಮುಂದೆ ‘ತೊಳೆಯಿರಿ’ ಅಂತ ಹಾಕಿದ್ರೆ ಜನ ಇದನ್ನ ಸೋಪು ಅಂದುಕೊಳ್ತಾರೆ ಮೇಡಂ. ಕ್ರೀಮು ಅಂದ್ರೆ ಅದರ ಗತ್ತೇ ಬೇರೆ.” ಅವಳು ಒಪ್ಪಿದ್ದಳು. ಒತ್ತಾಯಕ್ಕೆ ಒಪ್ಪಿದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಿದ್ದಳು, ಈಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡಾಗ ಆ ಸುಳ್ಳು ನಿಲ್ಲಲಿಲ್ಲ. ಗತ್ತು ಅವಳಿಗೂ ಬೇಕಿತ್ತು. ಬಟ್ಟೆ ತೊಳೆಯುವವಳ ಮಗಳು ಸೋಪು ಮಾಡಿದಳು ಎನ್ನುವುದಕ್ಕಿಂತ ಕ್ರೀಮು ಮಾಡಿದಳು ಎನ್ನುವುದು ಕಿವಿಗೆ ಹಿತವಾಗಿತ್ತು. ಔಷಧದಂಗಡಿಯ ಖರೀದಿದಾರರು ಬಂದ ದಿನವೂ ಅಷ್ಟೇ. ಉದ್ದ ಮೇಜು, ಗಾಜಿನ ಲೋಟಗಳು, ಎಲ್ಲೂ ತೊಟ್ಟಿಯಿಲ್ಲ, ನಲ್ಲಿಯಿಲ್ಲ. ಮಾರಾಟದವನು ಒಂದು ಮಾತೂ ಕೇಳದೆ ಅವಳ ಎಡಗೈಯನ್ನು ಎತ್ತಿ ಮೇಜಿನ ಮೇಲಿಟ್ಟ, ಅಂಗಡಿಯಲ್ಲಿ ಬಟ್ಟೆಯ ಥಾನು ಬಿಚ್ಚುವ ಹಾಗೆ ತೋಳು ಸರಿಸಿದ, ಮಣಿಕಟ್ಟಿನಿಂದ ಮೊಣಕೈಯವರೆಗೆ ಕ್ರೀಮು ಎಳೆದ, ಉಜ್ಜಿದ, ಬಾಗಿ ಅದರ ಮೇಲೆ ‘ಉಫ್’ ಎಂದು ಊದಿದ. “ನೋಡಿ, ಹೇಗೆ ಹೀರಿಕೊಳ್ತು.” ಆರು ಜನ ಅವಳ ಕೈಯನ್ನು ನೋಡಿದರು, ಮುಖವನ್ನು ಒಬ್ಬರೂ ನೋಡಲಿಲ್ಲ. ಇದು ತೊಳೆಯುವ ಕ್ರೀಮು, ಈಗ ನೀರು ಬೇಕು ಎನ್ನಲು ಹೊರಟಿದ್ದಳು. ಅಷ್ಟರಲ್ಲಿ ಯಾರೋ ‘ಅದ್ಭುತ’ ಎಂದರು. ಆ ಮಾತು ಅಲ್ಲೇ ಕರಗಿತು. ಆ ಸಂಜೆ ಕೈ ಸ್ವಲ್ಪ ಉರಿದಾಗ ತಪ್ಪನ್ನು ಬಸ್ಸಿನ ಕಂಬಿಯ ತುಕ್ಕಿನ ಮೇಲೆ ಹಾಕಿದ್ದಳು.

ಕಾರ್ಖಾನೆಯ ಗೇಟಿನಲ್ಲೇ ಕಡಾಯಿಯಣ್ಣ ಸಿಕ್ಕಿದ. “ಏನು ಮೇಡಂ, ಇವತ್ತು ನಾಮಕರಣ ಅಂತೆ. ಕೂಸಿಗೆ ಹೆಸರಿಟ್ಟ ಮೇಲೆ ನಮ್ಮನ್ನೆಲ್ಲ ಮರೀಬೇಡಿ.” ಅವಳು ನಕ್ಕಳು. ಒಳಗೆ, ತೂಕದ ಕೋಣೆಯ ತಣ್ಣನೆಯ ಬೆಳಕಿನಲ್ಲಿ, ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನಿಂತಾಗ, ಯಾವತ್ತಿನಂತೆ ಬೆನ್ನು ತಾನಾಗಿ ನೆಟ್ಟಗಾಯಿತು. ಇದು ಅವಳ ಜಾಗ. ಇಲ್ಲಿ ಅವಳು ಹೇಳಿದ ಬಿಸಿಗೆ ಉರಿ ನಿಲ್ಲುತ್ತಿತ್ತು. ಎಲ್ಲಿಯೂ ಒಡೆಯದ ಕ್ರೀಮು ಅವಳದು. ಕೆಡುತ್ತವೆಯೋ ನೋಡಲೆಂದು ಆರು ತಿಂಗಳಿಂದ ಬಿಸಿ ಕಪಾಟಿನಲ್ಲಿಟ್ಟ ಮಾದರಿಗಳು ಇವತ್ತಿಗೂ ಹೊಸ ಸುಣ್ಣದ ಹಾಗೆ ಬೆಳ್ಳಗಿದ್ದವು. ಒಂದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಒಂದು ಹನಿ ನೀರೂ ಬಿಟ್ಟಿರಲಿಲ್ಲ. ಅಮ್ಮ ತೊಳೆಯುತ್ತೇನೆ ಎಂದಳಲ್ಲ, ಬೇರೆ ಏನೋ ತಾಗಿರಬೇಕು, ಪಾತ್ರೆಯ ಪುಡಿಯಿರಬೇಕು.

ಪ್ಯಾಕಿಂಗ್ ವಿಭಾಗದ ಅಕ್ಕ ಬಾಗಿಲಲ್ಲಿ ಇಣುಕಿದಳು. ಅಮ್ಮ-ಮಗಳ ಬೀದಿಯವಳೇ, ನಾಲ್ಕು ಮನೆ ಆಚೆ. “ಒಂದು ಟ್ಯೂಬು ಸಿಗುತ್ತಾ ಮೇಡಂ? ನಿಮ್ಮಮ್ಮ ಕೊಟ್ಟಿದ್ದು ಮುಗೀತು.”

“ಅಮ್ಮ ನಿಮಗೂ ಕೊಟ್ಟಿದ್ದಾಳಾ?”

“ನನಗೊಬ್ಬಳಿಗಾ? ಬೀದಿಗೆಲ್ಲ ಹಂಚಿದ್ದಾರೆ. ನೀವು ಪರೀಕ್ಷೆಗೆ ಅಂತ ತರೋ ಬಿಳೀ ಟ್ಯೂಬು. ‘ನನ್ನ ಮಗಳ ತಲೆಯಿಂದ ಬಂದಿದ್ದು, ದುಡ್ಡು ಕೊಟ್ರೂ ಅಂಗಡೀಲಿ ಸಿಗಲ್ಲ’ ಅಂತ ಕೈ ಹಿಡಿದು ಹಚ್ಚೇ ಕಳಿಸೋದು. ಬೇಡ ಅಂದ್ರೆ ಕೋಪ.”

“ಹಚ್ಚಿದ ಮೇಲೆ?”

“ಹಚ್ಚಿದ ಮೇಲೆ ಹೀಗೆ.” ಅಕ್ಕ ತನ್ನ ಕೈಯನ್ನು ಮುಂದೆ ಚಾಚಿ, ಮಣಿಕಟ್ಟಿನಿಂದ ಮೊಣಕೈಯವರೆಗೆ ಇನ್ನೊಂದು ಅಂಗೈ ಎಳೆದು, ಬಾಗಿ, ತುಟಿ ಮುಂದೆ ಮಾಡಿ ‘ಉಫ್’ ಎಂದು ಊದಿದಳು.

ಆ ಉಸಿರನ್ನು ಮಗಳು ಬಲ್ಲಳು. ಖರೀದಿದಾರರು ಬಂದುಹೋದ ರಾತ್ರಿ ಊಟ ಮಾಡುತ್ತಾ, ಅವಮಾನದ ಭಾಗವನ್ನು ಪೂರ್ತಿ ಬಿಟ್ಟು, ಉಳಿದದ್ದನ್ನು ಅಮ್ಮನಿಗೆ ಆಡಿ ತೋರಿಸಿದ್ದಳು. ಹೀಗೆ ಹಚ್ಚಿದ, ಹೀಗೆ ಉಜ್ಜಿದ, ಹೀಗೆ ಊದಿದ, ಎಲ್ಲರೂ ಬೆರಗಾದರು. ಅಮ್ಮ ತುತ್ತನ್ನು ಕೈಯಲ್ಲೇ ಹಿಡಿದು ‘ಇನ್ನೊಂದು ಸಲ ಮಾಡು’ ಎಂದಿದ್ದಳು. ಇವಳು ಇನ್ನೊಂದು ಸಲ ಮಾಡಿದ್ದಳು. ಅದಕ್ಕೆ ತಿಂಗಳ ಮೊದಲು ‘ತೊಳೀಬೇಕು’ ಎಂದು ಒಮ್ಮೆ ಬಾಯಲ್ಲಿ ಹೇಳಿದ್ದು, ಕೈ ಎತ್ತಿ ಎರಡು ಸಲ ಆಡಿ ತೋರಿಸಿದ್ದು, ಇವೆರಡರಲ್ಲಿ ಯಾವುದು ಹೆಚ್ಚು ನೆನಪಿರುತ್ತದೆ? ಮಾರಾಟದವನ ಬಾಯಿಂದ ಹೊರಟ ಗಾಳಿ ತನ್ನ ಬಾಯಿಗೆ ಬಂದು, ತನ್ನಿಂದ ಅಮ್ಮನಿಗೆ, ಅಮ್ಮನಿಂದ ಬೀದಿಗೆ ಹೋಗಿತ್ತು. ಅಕ್ಕನ ಕೈ ಚೆನ್ನಾಗಿಯೇ ಇತ್ತು, ಗಟ್ಟಿ ಚರ್ಮ. “ಅಕ್ಕಾ, ಅದನ್ನ ತೊಳೀಬೇಕು. ಹಚ್ಚಿ ಬಿಡೋದಲ್ಲ. ಬೀದೀಲಿ ಯಾರ್‍ಯಾರಿಗೆ ಕೊಟ್ಟಿದ್ದಾಳೋ ಅವರಿಗೆಲ್ಲ ನೀವೂ ಹೇಳಿ, ನಾನೂ ಸಂಜೆ ಮನೆಮನೆಗೆ ಹೋಗ್ತೀನಿ.” ಅಕ್ಕ ಅವಳ ಮುಖವನ್ನೇ ನೋಡಿ, “ಅಯ್ಯೋ, ನಿಮ್ಮಮ್ಮನಿಗೆ ಈ ಮಾತು ಯಾರು ಹೇಳ್ತಾರೆ?” ಎಂದಳು.

ಹನ್ನೊಂದಕ್ಕೆ ಯಜಮಾನಿಯ ಕೋಣೆ. ಗಂಡನ ನಂತರ ಕಾರ್ಖಾನೆ ನಡೆಸಿಕೊಂಡು ಬಂದ ಹೆಂಗಸು. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಕೇಳಿದ್ದನ್ನೆಲ್ಲ ಅನುಮಾನದಿಂದಲೇ ಕೇಳುವವರು. ಮೇಜಿನ ಮೇಲೆ ಲೇಬಲ್ಲಿನ ಕರಡು. ತಿಳಿಹಸಿರು, ಮೂಲೆಯಲ್ಲೊಂದು ಎಲೆ. ಮಾರಾಟದವನು ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ. ಆ ಪೆನ್ನು ಎಷ್ಟು ಹಗುರ ಎನ್ನಿಸಿತು. ಒಂದು ಗೀಟು ಎಳೆದರೆ ಆಯಿತು. ತಪ್ಪೇನೂ ಇಲ್ಲ, ಹಿಂಭಾಗದಲ್ಲಿ ಬರೆದಿದೆ, ಯಾವ ಅಧಿಕಾರಿ ಬಂದು ನೋಡಿದರೂ ಎಲ್ಲ ಸರಿಯಿದೆ. ಸಂಜೆ ಅಮ್ಮನಿಗೆ ತೊಳೆಯಲು ಹೇಳಿದರೆ ಮುಗಿಯಿತು. ತಾನು ಮಾಡಿದ್ದು ಯಾರದೋ ಕೈ ಸುಡುತ್ತಿದೆ ಎಂದು ಈ ಕೋಣೆಯಲ್ಲಿ ಬಾಯಿಬಿಟ್ಟರೆ, ಇನ್ನು ಮುಂದೆ ಇವನು ಪ್ರತಿ ಸಭೆಯಲ್ಲೂ ಅದನ್ನೇ ನೆನಪಿಸುತ್ತಾನೆ. ಅವಳು ಪೆನ್ನನ್ನು ಮೇಜಿನ ಮೇಲೆ ಅಡ್ಡ ಇಟ್ಟಳು.

“ಸಹಿ ಹಾಕಲ್ಲ. ‘ಹಚ್ಚಿ, ತೊಳೆಯಿರಿ’ ಅನ್ನೋದು ಮುಂದೆ ಬರಬೇಕು. ಹೆಸರಿನಷ್ಟೇ ದೊಡ್ಡದಾಗಿ.”

“ಮತ್ತೆ ಅದೇ ರಾಗ,” ಎಂದ ಮಾರಾಟದವನು.

“ಯಾಕೆ, ಏನಾಯ್ತು?” ಎಂದರು ಯಜಮಾನಿ.

ಅವಳು ಹೇಳಿದಳು. ಅಮ್ಮನ ಕೈ, ಬೀದಿಯ ಕೈಗಳು, ತೊಟ್ಟಿಯಿಲ್ಲದ ಕೋಣೆಯಲ್ಲಿ ತನ್ನ ಕೈ.

“ನಿಮ್ಮ ತಾಯಿಯೊಬ್ಬರು ತೊಳೀಲಿಲ್ಲ ಅಂತ ಅಚ್ಚು ನಿಲ್ಸೋದಾ?” ಮಾರಾಟದವನು ಯಜಮಾನಿಯ ಕಡೆ ತಿರುಗಿದ. “ಅವರ ಹತ್ರ ಇದ್ದದ್ದು ಲೇಬಲ್ಲಿಲ್ಲದ ಟ್ಯೂಬು ಅಮ್ಮಾ. ಜನ ಓದಿಕೊಳ್ತಾರೆ.”

“ನನ್ನಮ್ಮ ಬದುಕಿಡೀ ತೊಳೆಯೋ ಕೆಲಸ ಮಾಡಿದವಳು. ಅವಳೇ ಇದನ್ನ ತೊಳೀಲಿಲ್ಲ. ಕ್ರೀಮು ಅಂದ್ಮೇಲೆ ಬೇರೆ ಯಾರು ತೊಳೀತಾರೆ?”

“ಹಾಗಾದ್ರೆ ಆ ಎಮಲ್ಸಿಫೈಯರ್ರೇ ತೆಗೆದುಬಿಡಿ. ‘ಎಮಲ್ಸಿಫೈಯರ್ ಇಲ್ಲ’ ಅಂತ ದೊಡ್ಡದಾಗಿ ಹಾಕೋಣ. ಈಗ ಅದೇ ನಡೆಯೋದು,” ಎಂದ ಮಾರಾಟದವನು.

“ತೆಗೆದ್ರೆ ಟ್ಯೂಬಿನಿಂದ ಮೊದಲು ನೀರು ಬರುತ್ತೆ, ಆಮೇಲೆ ಎಣ್ಣೆ. ತೊಂದರೆ ಅದರದ್ದಲ್ಲ. ಅದು ತನ್ನ ಕೆಲಸ ಮಾಡಿ ಹೋಗೋಕೆ ಬಂದದ್ದು, ನಾವು ಉಳಿಸಿಕೊಂಡಿದ್ದೀವಿ.” ಅವಳು ಕೋಟಿನ ಜೇಬಿನಿಂದ ಮಾದರಿಯ ಟ್ಯೂಬು ತೆಗೆದಳು. “ನಿಮ್ಮ ಕೈ ಕೊಡಿ. ಹಚ್ತೀನಿ, ಸಂಜೆವರೆಗೂ ತೊಳೀಬೇಡಿ. ದಿನಾ ಎರಡು ಸಲ, ಒಂದು ತಿಂಗಳು. ಆಮೇಲೂ ಬೇಡ ಅಂದ್ರೆ ನಾನೇ ಸಹಿ ಹಾಕ್ತೀನಿ.”

ಮಾರಾಟದವನು ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. “ನನ್ನದು ಸ್ವಲ್ಪ ಸೂಕ್ಷ್ಮ ಚರ್ಮ ಮೇಡಂ.”

ಯಜಮಾನಿ ಕನ್ನಡಕ ತೆಗೆದರು. ಕರಡನ್ನು ತಮ್ಮ ಕಡೆ ತಿರುಗಿಸಿಕೊಂಡು, ಎಲೆಯ ಪಕ್ಕದಲ್ಲಿದ್ದ ಸಾಲನ್ನು ಗಟ್ಟಿಯಾಗಿ ಓದಿದರು: “ಸೂಕ್ಷ್ಮ ಚರ್ಮಕ್ಕಾಗಿ.” ಆಮೇಲೆ ಅವರಿಗೆ ನಗು ಬಂತು. ಆ ಕೋಣೆಯಲ್ಲಿ ಅವರು ನಕ್ಕದ್ದನ್ನು ಅವಳು ಅದೇ ಮೊದಲು ನೋಡಿದ್ದು. “ಎಲೆ ತೆಗೀರಿ. ಆ ಜಾಗದಲ್ಲಿ ಇವಳು ಹೇಳಿದ್ದು ಬರಲಿ,” ಎಂದರು. ಬಾಗಿಲು ದಾಟುವಾಗ ಅವಳಿಗೆ ಗೆದ್ದೆ ಎನ್ನಿಸಲಿಲ್ಲ. ಶಾಲೆಯ ವೇದಿಕೆಯಿಂದ ಇಳಿದು ಅಮ್ಮನನ್ನು ಹುಡುಕುತ್ತಾ ಬಂದಾಗಿನ ಹಾಗೆ ಕಾಲು ಹಗುರವಾಗಿತ್ತು, ಅಷ್ಟೇ.

ಸಂಜೆ ಬೀದಿಯ ಮನೆಗಳನ್ನೆಲ್ಲ ಮುಗಿಸಿಕೊಂಡು ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಅಮ್ಮ ಕುರ್ಚಿಯಲ್ಲಿ ಸೆಟೆದು ಕೂತಿದ್ದಳು.

“ನನ್ನ ಮಾನ ಬೀದೀಲಿ ಹರಾಜು ಹಾಕಿ ಬಂದ್ಯಾ?”

“ನನ್ನದೂ ಹಾಕ್ದೆ. ಊದಿ ತೋರಿಸಿಕೊಟ್ಟಿದ್ದೇ ತಪ್ಪು, ತಪ್ಪು ನಂದು ಅಂದೆ. ಬಾ, ಕೈ ಕೊಡು.”

ಬಚ್ಚಲಿನ ತೊಟ್ಟಿಯಲ್ಲಿ ನೀರು ಉಗುರುಬೆಚ್ಚಗಿತ್ತು. ಅವಳು ಅಮ್ಮನ ತೋಳನ್ನು ಮೊಣಕೈ ದಾಟಿಸಿ ಮಡಿಸಿದಳು. ಎರಡು ಮಡಿಕೆ, ಅಮ್ಮ ಮಡಿಸುತ್ತಿದ್ದ ಹಾಗೆಯೇ. ಬೆಳಗಿನ ಕ್ರೀಮು ಇನ್ನೂ ಅಂಟಿತ್ತು. ನೀರು ಬಿದ್ದಲ್ಲೆಲ್ಲ ಅದು ತೆಳ್ಳಗೆ ಬೆಳ್ಳಗಾಗಿ, ಹಾಲಿನ ಹಾಗೆ ಹರಿದು ಹೋಯಿತು. ಎಷ್ಟು ಚೆನ್ನಾಗಿ ಹೋಗುತ್ತದೆ, ಎಂದುಕೊಂಡಳು. ಅಂಥ ಹೊತ್ತಿನಲ್ಲೂ ಹೆಮ್ಮೆ ಸುಮ್ಮನಿರಲಿಲ್ಲ. ಅಮ್ಮ ತೊಟ್ಟಿಯ ತೂತನ್ನೇ ನೋಡುತ್ತಿದ್ದಳು.

“ಊದಿದ್ರೆ ಸಾಲದಾ?”

“ಸಾಲದು.”

“ನೀನು ಹಗಲೂರಾತ್ರಿ ಒದ್ದಾಡಿ ಮಾಡಿದ್ದು. ಅದನ್ನ ಚರಂಡಿಗೆ ಬಿಡೋದು ಅಂದ್ರೆ ನನಗೆ ಮನಸ್ಸೇ ಬರಲಿಲ್ಲ ಕಣೆ. ಊರ ಕೊಳೆಯನ್ನೆಲ್ಲ ತೊಳೆದು ಬಿಟ್ಟಿದ್ದೀನಿ. ಇದು ಕೊಳೆಯಾ?”

ಮಗಳು ಅಮ್ಮನ ಬೆರಳುಗಳ ನಡುವೆ ನೀರು ಬಿಡುತ್ತಾ ಹೇಳಿದಳು, “ತೊಳೆಯೋದಕ್ಕೇ ಮಾಡಿದ್ದಮ್ಮ. ತೊಳೆಯೋರಿಗೇ ಮಾಡಿದ್ದು. ನಿನ್ನ ಕೆಲಸವೇ ನಂದೂ.”

ಅಮ್ಮ ಇನ್ನೊಂದು ಕೈಯನ್ನು ತಾನಾಗಿ ಮುಂದೆ ಚಾಚಿದಳು. ಮಗಳು ಅದನ್ನೂ ತೊಳೆದು, ಒತ್ತಿ ಒರೆಸಿ, ಅಂಗಡಿಯಿಂದ ತಂದ ಬರೀ ವ್ಯಾಸಲೀನನ್ನು ತೆಳುವಾಗಿ ಸವರಿದಳು. ಇದರಲ್ಲಿ ನೀರಿಲ್ಲ, ಹಾಗಾಗಿ ಮಧ್ಯಸ್ಥನೂ ಬೇಡ. ನಾಳೆ ಚರ್ಮದ ಡಾಕ್ಟರಿಗೂ ತೋರಿಸೋಣ ಎಂದಳು.

“ಇದರಲ್ಲಿ ನಿನ್ನದೇನಿದೆ?”

“ಏನೂ ಇಲ್ಲ.”

“ಮತ್ತೆ ಬೀದಿಯವರಿಗೆ ಏನಂತ ತೋರಿಸಲಿ?” ಎಂದು ಅಮ್ಮ ಗೊಣಗಿದಳು. ಗೊಣಗುತ್ತಲೇ ಕೈಗಳನ್ನು ದೀಪದ ಬೆಳಕಿಗೆ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿಕೊಂಡಳು.

ಟ್ಯೂಬುಗಳು ಮೂರು ವಾರ ತಡವಾಗಿ ಅಚ್ಚಾದವು. ಎಲೆ ಇರಲಿಲ್ಲ, ಆ ಜಾಗದಲ್ಲಿ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ‘ಹಚ್ಚಿ, ತೊಳೆಯಿರಿ’ ಎಂದಿತ್ತು. ಮೊದಲ ಪೆಟ್ಟಿಗೆಯಿಂದ ಒಂದನ್ನು ಮಗಳು ಮನೆಗೆ ತಂದಳು. ಅಮ್ಮ ಅದನ್ನು ಓದಿ, ನಲ್ಲಿಯ ಪಕ್ಕದಲ್ಲಿ ಇಟ್ಟಳು.